ಕಣ್ಣಿಗೊತ್ತಿಕೊಂಡ ಟಿಪ್ಸು

ನಾನು ಬಿಟ್ಟು ಬಂದ ಕುರ್ಚಿಗೆ ಹೊಸದಾಗಿ ಬಂದಿರುವ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. ಮದ್ದೂರು ಕಡೆಯವಳು, ಕೆಲಸದ ಮೇಲೆ ಇನ್ನೂ ಆಸೆ ಇಟ್ಟುಕೊಂಡವಳು. "ಮೇಡಂ, ಡ್ರೈವರಿಗೆ ಟಿಪ್ಸ್ ಎಷ್ಟು ಕೊಡಬೇಕು ಅಂತ ಬಂದೋರೆಲ್ಲ ಕೇಳ್ತಾರೆ, ಏನು ಹೇಳ್ಲಿ?" ಎಂದಳು. ಸರ್ವಿಸ್ಸಿನ ಬಹುಪಾಲು ಅದೇ ಕಿಟಕಿಯ ಹಿಂದೆ ಕೂತು ಎದ್ದು ಬಂದವಳು ನಾನು. ಆದರೂ "ಆಮೇಲೆ ಹೇಳ್ತೀನಿ ಕಣಮ್ಮ" ಎಂದು ಫೋನಿಟ್ಟೆ. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಅವಳಿಗೆ ಅಂತ ಬರೆಯಲು ಕೂತಿದ್ದೇನೆ. ಉಪದೇಶ ಅಂದುಕೊಳ್ಳಬೇಡಮ್ಮ. ಉಪದೇಶ ಮಾಡುವುದಕ್ಕೆ ಏನಾದರೂ ಗೆದ್ದಿರಬೇಕು, ನಾನು ಗೆದ್ದದ್ದು ಏನೂ ಇಲ್ಲ.

ನನ್ನ ಹುದ್ದೆಗೆ ಆದೇಶದಲ್ಲಿ ದೊಡ್ಡ ಹೆಸರಿತ್ತು. ನಿಜದಲ್ಲಿ ಅದು ಮಂಡ್ಯ ರೈಲ್ವೆ ಸ್ಟೇಷನ್ ಹೊರಗಿನ ಒಂದು ತಗಡಿನ ಗೂಡು, ಗರಗರ ಅನ್ನುವ ಒಂದು ಫ್ಯಾನು, ಮೇಲೆ 'ಪ್ರವಾಸಿಗರ ಸಹಾಯಕ್ಕಾಗಿ' ಎಂಬ ಬೋರ್ಡು. ಮಧ್ಯೆ ಒಂದಷ್ಟು ಕಾಲ ಮದ್ದೂರಿಗೂ ಮಳವಳ್ಳಿ ಬಸ್ ಸ್ಟ್ಯಾಂಡಿಗೂ ಎತ್ತಿಹಾಕಿ ಮತ್ತೆ ಅಲ್ಲಿಗೇ ತಂದು ಕೂರಿಸಿದರು. ರೈಲಿಳಿದವರು ಗಗನಚುಕ್ಕಿಗೆ, ಮೇಲುಕೋಟೆಗೆ, ಶ್ರೀರಂಗಪಟ್ಟಣಕ್ಕೆ ದಾರಿ ಕೇಳುತ್ತಾರೆ, ಹೇಳಿ ಕಳಿಸಬೇಕು ಎಂಬುದು ಇಲಾಖೆಯ ಲೆಕ್ಕಾಚಾರ. ದಾರಿ ಕೇಳಿದವರು ಕಡಿಮೆ. ಬಹಳ ಮಂದಿ ಊರೆಲ್ಲ ನೋಡಿಕೊಂಡು ಬಂದಮೇಲೆ, ಮುಖ ಕೆಂಪಗೆ ಮಾಡಿಕೊಂಡು, "ನಿಮ್ಮೂರ ಟ್ಯಾಕ್ಸಿಯವನು ನಮ್ಮನ್ನ ಸುಲಿದುಬಿಟ್ಟ" ಎಂದು ಕೂಗಾಡುವುದಕ್ಕೇ ಬರುತ್ತಿದ್ದರು. ನಿಮ್ಮೂರು ಅನ್ನುವ ಮಾತು ಮೊದಮೊದಲು ಮನಸ್ಸಿಗೆ ನಾಟುತ್ತಿತ್ತು. ಆಮೇಲಾಮೇಲೆ ಫ್ಯಾನಿನ ಸದ್ದಿನ ಹಾಗೆ ಅದೂ ಅಭ್ಯಾಸವಾಯಿತು.

ಸೇರಿದ ಹೊಸತರಲ್ಲಿ ನಾನು ಕೂಗಿದವರನ್ನೆಲ್ಲ ನಂಬುತ್ತಿದ್ದೆ. ಒಂದು ದಿನ ಸೂಟ್‌ಕೇಸು ಹಿಡಿದ ಒಬ್ಬ ದೊಡ್ಡ ಮನುಷ್ಯರು ನಿಂಗೇಗೌಡ ಎಂಬ ಹಳೇ ಡ್ರೈವರನ್ನು ನನ್ನ ಕಿಟಕಿಯ ಮುಂದೆ ಎಳೆದುಕೊಂಡು ಬಂದರು. ಅವರು ಮಳವಳ್ಳಿಯ ನೆಂಟರ ಮನೆಗೆ ಹೋಗಿದ್ದವರು, ಬರುವಾಗ ನೆಂಟರ ಕಾರಿನಲ್ಲೇ ಬಂದಿದ್ದರು. ಹೋಗುವ ಬಾಡಿಗೆಯ ಜೊತೆಗೆ ಬರುವ ಬಾಡಿಗೆಯನ್ನೂ ಕಿತ್ತುಕೊಂಡಿದ್ದಾನೆ, ನಾನು ಕೂರದ ಗಾಡಿಗೆ ನಾನೇಕೆ ಕೊಡಲಿ ಎಂಬುದು ಅವರ ತಕರಾರು. ನಾನು ನಿಂಗೇಗೌಡನಿಗೆ ಜೋರು ಮಾಡಿದೆ. ಆತ ಟವೆಲ್ಲಿನಿಂದ ಮುಖ ಒರೆಸಿಕೊಂಡು ಕೇಳಿದ: "ಅಲ್ಲ ಕಣಕ್ಕ, ಇವ್ರನ್ನ ಅಲ್ಲಿ ಇಳಿಸ್ಬುಟ್ಟು ನಾನು ಗಾಡೀನ ಅಲ್ಲೇ ಬುಟ್ಬುಟ್ಟು ನಡ್ಕಂಡು ಬರಕಾಯ್ತದಾ? ಇಲ್ಲಿಂದ ಓದ್ರೆ ಇಲ್ಲಿಗೇ ತಾನೆ ಬರ್ಬೇಕು ನಾನು? ಅಲ್ಯಾವನು ಅತ್ಕತಾನೆ ಮಂಡ್ಯಕ್ಕೆ?"

ಸೂಟ್‌ಕೇಸಿನವರೂ ನಕ್ಕರು, ನಾನೂ ನಕ್ಕೆ. ಖಾಲಿ ವಾಪಸ್ ಬರುವ ಬಾಡಿಗೆ ಕೇಳುವುದು ನಮ್ಮ ಕಡೆ ಎಲ್ಲ ಸ್ಟ್ಯಾಂಡಿನಲ್ಲೂ ಇರುವ ಪದ್ಧತಿ. ಹೊರಡುವ ಮೊದಲೇ ಹೇಳಿದರೆ ಅದು ನ್ಯಾಯ, ಇಳಿಯುವಾಗ ಹೇಳಿದರೆ ಜಗಳ. ಬರುವವರಿಗೆ ಇದನ್ನು ಮೊದಲೇ ಹೇಳಿಕೊಡು ತಾಯಿ. ಅರ್ಧ ರಂಪ ಅಲ್ಲೇ ನಿಲ್ಲುತ್ತದೆ.

ಆದರೆ ಉಳಿದರ್ಧ ನಿಜವಾದ ಸುಲಿಗೆ. ಅದರಲ್ಲಿ ಬೋರೇಶನನ್ನು ಮೀರಿಸಿದವನನ್ನು ನಾನು ನೋಡಲಿಲ್ಲ. ನಗುಮುಖ, ಇಸ್ತ್ರಿ ಮಾಡಿದ ಬಿಳಿ ಶರ್ಟು, ಹಣೆಯಲ್ಲಿ ವಿಭೂತಿ, ಮಾತು ಬೆಣ್ಣೆ. ಗಗನಚುಕ್ಕಿ ಜಲಪಾತಕ್ಕೆ ಮಳವಳ್ಳಿ ಮೇಲೆ ಹೋಗಬೇಕು, ಅದಿರುವುದು ಮಂಡ್ಯದ ತೆಂಕಣಕ್ಕೆ. ಈ ಮಹಾನುಭಾವ ಉತ್ತರ ಭಾರತದಿಂದ ಬಂದ ಹೊಸ ಮದುವೆಯ ಜೋಡಿಯೊಂದನ್ನು ಗಗನಚುಕ್ಕಿಗೆ ಕರೆದುಕೊಂಡು ಹೊರಟವನು ಬಡಗಣಕ್ಕೆ ತಿರುಗಿ, ವಿ.ಸಿ. ಫಾರಂ ಎಂಬ ಸರ್ಕಾರಿ ಕೃಷಿ ಕೇಂದ್ರದ ಭತ್ತದ ಗದ್ದೆಯ ಪಕ್ಕ ಗಾಡಿ ನಿಲ್ಲಿಸಿ, "ಇದು ಮಹಾರಾಜರ ತೋಟ" ಎಂದು ಫೋಟೋ ಹೊಡೆಸಿ, ದುದ್ದದವರೆಗೂ ಹೋಗಿ ಕಾಫಿ ಕುಡಿಸಿ, ಆಮೇಲೆ ಮಳವಳ್ಳಿ ಕಡೆ ತಿರುಗಿದ್ದ. ದಾರಿಯಲ್ಲಿ ಮೇಯುತ್ತಿದ್ದ ಯಾರದೋ ಮಂದೆ ತೋರಿಸಿ ಇದೇ ಹೆಸರುವಾಸಿ ಬಂಡೂರು ಕುರಿ, ಮುಟ್ಟಿದರೆ ಒಂದು ರೇಟು, ಎತ್ತಿಕೊಂಡರೆ ಇನ್ನೊಂದು ರೇಟು ಎಂದು ಕುರಿಯವನಿಂದ ದುಡ್ಡು ಕೇಳಿಸಿದ್ದ. ಅದರಲ್ಲೂ ಇವನಿಗೆ ಪಾಲು. ನಿಜವಾದ ಬಂಡೂರು ಕುರಿ ಗಿಡ್ಡ ಕಾಲಿನ, ಮೈತುಂಬಿದ ಪ್ರಾಣಿ. ಆ ಮದುಮಗಳು ತೋರಿಸಿದ ಫೋಟೋದಲ್ಲಿದ್ದದ್ದು ಉದ್ದ ಕಾಲಿನ ಬಡಕಲು ಆಡು.

ನಗು ಬಂತು, ಮೈಯೂ ಉರಿಯಿತು. ದೂರು ಬರೆಸಿಕೊಂಡೆ, ಮೇಲಕ್ಕೆ ಕಳಿಸಿದೆ. ವಿಚಾರಣೆಗೆ ದಿನ ಗೊತ್ತಾಯಿತು. ಬೋರೇಶ ಬೆಳ್ಳಗೆ ಮಿಂಚುತ್ತ ಬಂದು ಇಲಾಖೆಯ ಸಾಹೇಬರಿಗೆ ಕೈಮುಗಿದು ನಿಂತ. ಸಾಹೇಬರು "ದೂರುದಾರರು ಎಲ್ಲಿ?" ಎಂದರು. ದೂರುದಾರರು ಸಾವಿರಾರು ಮೈಲಿ ಆಚೆ ತಮ್ಮ ಮನೆಯಲ್ಲಿದ್ದರು. ದೂರುದಾರರು ಗೈರುಹಾಜರು, ಪ್ರಕರಣ ಮುಕ್ತಾಯ. ಹೊರಗೆ ಬಂದ ಬೋರೇಶ, "ಬೇಜಾರ್ ಮಾಡ್ಕಬ್ಯಾಡಿ ಅಕ್ಕ, ಬನ್ನಿ ಕಾಪಿ ಕುಡಿಯವ" ಎಂದ. ಅವನು ಅಣಕಿಸಲೆಂದು ಕರೆಯಲಿಲ್ಲ, ನಿಜವಾಗಿಯೇ ಕರೆದ. ಅದೇ ನನಗೆ ಹೆಚ್ಚು ಉರಿಸಿದ್ದು.

ಈ ಕೆಲಸದ ಒಳಗುಟ್ಟು ಇಷ್ಟೇ. ಪ್ರವಾಸಿಗೆ ಸಾಯಂಕಾಲದ ರೈಲಿದೆ. ಅವನು ಮತ್ತೆ ಈ ಊರಿಗೆ ಬರುವುದಿಲ್ಲ. ಡ್ರೈವರಿಗೆ ಅದು ಗೊತ್ತು, ಸಾಹೇಬರಿಗೆ ಗೊತ್ತು, ಗೂಡಿನಲ್ಲಿ ಕೂತ ನನಗೂ ಗೊತ್ತು. ಗೊತ್ತಿಲ್ಲದವನು ಕಿಟಕಿಯ ಆಚೆ ನಿಂತು ಬೆವರು ಒರೆಸಿಕೊಳ್ಳುತ್ತ ದೂರು ಬರೆಸುತ್ತಿರುವ ಒಬ್ಬನೇ. ವರ್ಷಗಟ್ಟಲೆ ನಾನು ಬರೆದುಕೊಂಡ ದೂರುಗಳಲ್ಲಿ ಒಂದೂ ನಿಲ್ಲಲಿಲ್ಲ. ಮನೆಗೆ ಹೋದಮೇಲೂ ಅದನ್ನೇ ಹೇಳಿಕೊಳ್ಳುತ್ತಿದ್ದೆ. ನಮ್ಮ ಯಜಮಾನರು, "ಸಂಬಳ ಬರ್ತದಲ್ಲ, ಸುಮ್ನಿರು" ಅನ್ನುತ್ತಿದ್ದರು.

ಸಾಹೇಬರುಗಳೂ ಬಗೆಬಗೆಯವರು ಬಂದರು. ಒಬ್ಬರು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ದೊಡ್ಡ ಬೋರ್ಡು ಬರೆಸಿದರು, ಯಾವ ಊರಿಗೆ ಎಷ್ಟು ಬಾಡಿಗೆ ಅಂತ. ಪೇಪರಿನಲ್ಲಿ ಫೋಟೋ ಬಂತು. ಮಾರನೇ ದಿನದಿಂದ ಕಡಿಮೆಗೆ ಹೋಗುತ್ತಿದ್ದ ಬಡಪಾಯಿ ಡ್ರೈವರುಗಳೂ "ಸರ್ಕಾರದ ರೇಟು ಅದೆ ನೋಡಿ" ಎಂದು ಬೋರ್ಡು ತೋರಿಸಿ ಜಾಸ್ತಿ ಕೇಳತೊಡಗಿದರು. ಅದರ ಮೇಲೆ ಟೋಲು, ಪಾರ್ಕಿಂಗು, ಏಸಿ ಬೇರೆ. ಇನ್ನೊಬ್ಬ ಸಾಹೇಬರಿಗೆ ಟಿಪ್ಸ್ ಎಂಬ ಮಾತೇ ಆಗುತ್ತಿರಲಿಲ್ಲ, "ಅದು ಭಿಕ್ಷೆ" ಎನ್ನುತ್ತಿದ್ದರು. ಅವರ ಸ್ವಂತ ಡ್ರೈವರಿಗೆ ಹಬ್ಬಕ್ಕೂ ಒಂದು ಸಿಹಿ ಪೊಟ್ಟಣ ಹೋಗುತ್ತಿರಲಿಲ್ಲ ಅಂತ ಆತನೇ ನನ್ನ ಹತ್ತಿರ ಹೇಳಿಕೊಂಡಿದ್ದ.

ಬಂದ ಪ್ರತಿಯೊಬ್ಬ ಸಾಹೇಬರಿಗೂ ನಾನು ಒಂದೇ ಬೇಡಿಕೆ ಕೊಟ್ಟೆ. ದೂರು ಕೊಟ್ಟವರು ಖುದ್ದು ಬರಬೇಕು ಅನ್ನುವುದನ್ನು ಕೈಬಿಡಿ. ಫೋಟೋ ಇದ್ದರೆ, ರಸೀದಿ ಇದ್ದರೆ, ಅಷ್ಟರ ಮೇಲೇ ತೀರ್ಮಾನ ಮಾಡಿ. ಇಲ್ಲದಿದ್ದರೆ ನನ್ನ ಗೂಡಿಗೆ ಬೀಗ ಹಾಕಿ. ಎಲ್ಲರೂ "ನೋಡೋಣ" ಅಂದರು. ನೋಡೋಣ ಅನ್ನುವುದಕ್ಕೆ ನಮ್ಮ ಕಚೇರಿಯಲ್ಲಿ ಏನರ್ಥ ಅಂತ ನಿನಗೆ ಇಷ್ಟರಲ್ಲೇ ತಿಳಿಯುತ್ತದೆ.

ಈಗ ಜವರಾಯಿಯ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಬೋರೇಶ, ಬೋರ್ಡು ಎಂದು ಸುತ್ತಿದ್ದೇ ಇವನ ಹತ್ತಿರ ಬರಲು ಮನಸ್ಸಿಲ್ಲದೆ.

ಜವರಾಯಿ ದುದ್ದದವನು. ಸ್ವಂತ ಗಾಡಿಯಲ್ಲ, ಮದ್ದೂರಿನ ಮಾಲೀಕರೊಬ್ಬರ ಕಾರು ಓಡಿಸುತ್ತಿದ್ದ. ಹೆಂಡತಿ ಗೌರಮ್ಮ ಅದೇ ವಿ.ಸಿ. ಫಾರಮ್ಮಿನಲ್ಲಿ ನಾಟಿ, ಕಳೆ ಅಂತ ಕೂಲಿಗೆ ಹೋಗುತ್ತಿದ್ದಳು. ಮಾಲೀಕರ ಗಾಡಿ ಓಡಿಸುವವನಿಗೆ ದಿನಭತ್ಯೆ ಅಂತ ಕೊಡುವ ಬಾಟಾ ಬಿಟ್ಟರೆ ಉಳಿಯುವುದು ಗಿರಾಕಿ ಖುಷಿಯಾಗಿ ಕೊಡುವ ಟಿಪ್ಸು ಮಾತ್ರ. ಆದರೂ ಇವನು ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಬಾಗಿಲು ತೆಗೆದು ಹಲ್ಲುಬಿಟ್ಟು ನಿಲ್ಲುವುದು, ತಲೆ ಕೆರೆದುಕೊಳ್ಳುವುದು, ಚಿಲ್ಲರೆ ಇಲ್ಲ ಅನ್ನುವುದು, ಇವೆಲ್ಲ ಕೇಳುವುದರ ಬೇರೆ ಬೇರೆ ರೂಪಗಳೇ. ಯಾವುದೂ ಇವನಲ್ಲಿರಲಿಲ್ಲ. ಕೊಟ್ಟರೆ ಮಾತ್ರ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಎಷ್ಟು ಕೊಟ್ಟರೂ ಹಾಗೇ. ಒಮ್ಮೆ ನಾನು ರೇಗಿಸಿದೆ: "ಏನಪ್ಪ, ದೇವರ ಪ್ರಸಾದವೇ ಅದು?"

"ಊಂ ಕಣಕ್ಕ. ಬಾಡಿಗೆ ಗಾಡಿಗೆ ಕೊಡೋದು, ಅದು ಓನರ್ಗೆ ಓಯ್ತದೆ. ಇದು ನಂಗೇಂತವ ಕೊಟ್ಟಿದ್ದು. ನನ್ ಮೊಕ ನೋಡಿ ಕೊಟ್ಟವ್ರೆ. ಕಣ್ಗೊತ್ಕಬ್ಯಾಡ್ವಾ?" ಎಂದ.

ಟಿಪ್ಸು ಅಂದರೇನು ಎಂದು ಅದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿಲ್ಲ.

ಕೊನೆಗೆ ಒಬ್ಬ ಯುವಕ ಸಾಹೇಬರು ಬಂದರು. ಚುರುಕು ಮನುಷ್ಯ, ಬಂದ ತಿಂಗಳಲ್ಲೇ ನನ್ನ ಬೇಡಿಕೆ ಓದಿ ಕರೆಸಿಕೊಂಡರು. ಇನ್ನು ಮೇಲೆ ಫೋನಿನಲ್ಲೇ ದೂರು, ಜೊತೆಗೆ ಫೋಟೋ ಅಥವಾ ವಿಡಿಯೋ, ದೂರುದಾರರು ಬರುವ ಅಗತ್ಯವೇ ಇಲ್ಲ ಎಂದು ಆದೇಶ ಮಾಡಿಸಿದರು. ಆವತ್ತು ನನಗಾದ ಸಂತೋಷವನ್ನು ಏನು ಹೇಳಲಿ! ಮದ್ದೂರು ವಡೆ ತರಿಸಿ ಕಚೇರಿಗೆಲ್ಲ ಹಂಚಿದೆ. ಸ್ಟ್ಯಾಂಡಿಗೂ ಹೋಗಿ, "ಬೋರೇಶ, ಇನ್ನು ನಿನ್ನ ಆಟ ಮುಗೀತು ಕಣೋ" ಎಂದು ಅವನ ಕೈಗೂ ಒಂದು ವಡೆ ಕೊಟ್ಟೆ. ಅವನು ತಿಂದು, "ಈರುಳ್ಳಿ ಕಮ್ಮಿ ಅಕ್ಕ" ಎಂದ.

ಹೊಸ ಪದ್ಧತಿಯಲ್ಲಿ ಮೊದಲು ಸಿಕ್ಕಿಬಿದ್ದವನು ಜವರಾಯಿ.

ನಡೆದದ್ದು ಹೀಗೆ. ಬಾಗಲಕೋಟೆ ಕಡೆಯ ಒಬ್ಬ ಹಿರಿಯ ದಂಪತಿ ಮೈಸೂರಿನಲ್ಲಿದ್ದ ಸೋದರಳಿಯನ ಮನೆಗೆ ಬಂದಿದ್ದರು. ಅಳಿಯನಿಗೆ ರಜೆಯಿಲ್ಲ, ಇವರಿಗೆ ಗಗನಚುಕ್ಕಿ ನೋಡುವ ಆಸೆ. ಬೆಳಿಗ್ಗೆ ರೈಲಿನಲ್ಲಿ ಮಂಡ್ಯಕ್ಕೆ ಬಂದು ಜವರಾಯಿಯ ಗಾಡಿ ಹತ್ತಿದರು. ಸಾಯಂಕಾಲ ಅಳಿಯ ತನ್ನ ಕಾರಿನಲ್ಲಿ ಸ್ಟೇಷನ್ ಹತ್ತಿರ ಬಂದು ಕರೆದುಕೊಂಡು ಹೋಗುವುದು ಅಂತ ಮಾತಾಗಿತ್ತು. ಗಗನಚುಕ್ಕಿಯ ಮೆಟ್ಟಿಲಿನಲ್ಲಿ ಯಜಮಾನರಿಗೆ ಎದೆ ಹಿಡಿದುಕೊಂಡಿತು. ಜವರಾಯಿ ಅವರನ್ನು ಬೆನ್ನ ಮೇಲೆ ಹೊತ್ತುಕೊಂಡು ಗಾಡಿಗೆ ಹಾಕಿ, ಮಳವಳ್ಳಿಯ ಆಸ್ಪತ್ರೆಗೆ ತಂದ. ಡಾಕ್ಟರು ಇಂಜೆಕ್ಷನ್ ಕೊಟ್ಟು ಮಲಗಿಸಿದರು. ಜವರಾಯಿ ಗಂಜಿ ತಂದುಕೊಟ್ಟ, ಪಕ್ಕದಲ್ಲಿ ಕೂತು ಕಾಲು ತಿಕ್ಕಿದ. ಗಾಬರಿಪಡುವಂಥದ್ದೇನಿಲ್ಲ ಎಂದು ಡಾಕ್ಟರು ಬಿಟ್ಟಮೇಲೆ ನಿಧಾನವಾಗಿ ಮಂಡ್ಯಕ್ಕೆ ತಂದು ಇಳಿಸಿದ. ಮಾತಾಡಿದ ಬಾಡಿಗೆಯ ಮೇಲೆ ಒಂದು ಪೈಸೆ ಕೇಳಲಿಲ್ಲ. ಆ ತಾಯಿ ಪರ್ಸಿನಲ್ಲಿದ್ದ ನೋಟನ್ನೆಲ್ಲ ತೆಗೆದು ಅವನ ಕೈಗೆ ತುರುಕಿದರು. ಬೇಡ ಬೇಡ ಅಂದ. ಬಿಡಲಿಲ್ಲ. ಕೊನೆಗೆ ತೆಗೆದುಕೊಂಡ, ಎಂದಿನಂತೆ ಕಣ್ಣಿಗೆ ಒತ್ತಿಕೊಂಡ.

ಆಗಲೇ ಬಂದು ಕಾದಿದ್ದ ಅಳಿಯ ಕಾರಿನೊಳಗಿಂದ ಅದನ್ನು ಫೋನಿನಲ್ಲಿ ಹಿಡಿದ. ಅಷ್ಟು ದುಡ್ಡು ಏಕೆ ಕೊಟ್ಟಿರಿ ಎಂದು ಅತ್ತೆಯನ್ನು ಕೇಳಿದ್ದಾನೆ. ಆಕೆ "ಬಾಡಿಗಿಪಾ" ಎಂದಿದ್ದಾರೆ. ಏಕೆ ಹಾಗಂದರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಅಳಿಯ ಕಳಿಸಿದ ವಿಡಿಯೋ ದೂರಾಗಿ ನಮ್ಮ ಕಚೇರಿಗೂ ಬಂತು, ಊರಿನ ಎಲ್ಲರ ಫೋನಿಗೂ ಹೋಯಿತು. ಅದರಲ್ಲಿ ಮಾತು ಕೇಳಿಸುವುದಿಲ್ಲ. ಬಿಳಿ ತಲೆಯ ಮುದುಕಿ ಪರ್ಸು ಖಾಲಿ ಮಾಡಿ ನೋಟು ಕೊಡುತ್ತಾರೆ, ಹಿಂದೆ ಮುದುಕರು ಕಂಬ ಹಿಡಿದು ನಿಂತಿದ್ದಾರೆ, ಇವನು ನೋಟಿನ ಕಂತೆಯನ್ನು ಕಣ್ಣಿಗೊತ್ತಿಕೊಳ್ಳುತ್ತಾನೆ. ಹಿಂದೆ ಬಾಡಿಗೆಯ ಬೋರ್ಡು ಬೇರೆ ಎದ್ದು ಕಾಣುತ್ತದೆ. ಕೆಳಗೆ ಯಾರೋ ಬರೆದಿದ್ದರು: ಸುಲಿದ ದುಡ್ಡಿಗೆ ನಮಸ್ಕಾರ ನೋಡಿ.

ನಾನು ಜವರಾಯಿಯನ್ನು ಕೂರಿಸಿಕೊಂಡು ಎಲ್ಲ ಕೇಳಿ ತಿಳಿದುಕೊಂಡು ಸಾಹೇಬರ ಹತ್ತಿರ ಓಡಿದೆ. ಅದು ಬಾಡಿಗೆಯಲ್ಲ, ಟಿಪ್ಸು, ಆಕೆಯನ್ನು ಕರೆಸಿ ಒಂದು ಮಾತು ಕೇಳಿ ಎಂದೆ. ಸಾಹೇಬರು ನಗಲಿಲ್ಲ, ಬೈಯಲೂ ಇಲ್ಲ. "ಮೇಡಂ, ದೂರುದಾರರನ್ನು ಕರೆಸಬಾರದು ಅಂತ ವರ್ಷಗಟ್ಟಲೆ ಕೇಳಿದವರು ನೀವೇ ಅಲ್ಲವೇ? ಸಾಕ್ಷಿ ಕಣ್ಣಮುಂದೆ ಇದೆಯಲ್ಲ" ಎಂದರು.

ಅಳಿಯನಿಗೆ ಫೋನ್ ಮಾಡಿದೆ. ಕೆಟ್ಟವನಲ್ಲ, ಮರ್ಯಾದೆಯಾಗಿಯೇ ಮಾತಾಡಿದ. "ನಮ್ಮತ್ತೆಯೇ ಬಾಡಿಗೆ ಅಂದರು ಮೇಡಂ, ನಾನು ಸುಳ್ಳು ಯಾಕೆ ಹೇಳಲಿ? ಅವರು ಊರಿಗೆ ಹೋದರು, ವಯಸ್ಸಾದವರು, ಈ ಗಲಾಟೆಯೆಲ್ಲ ಅವರಿಗೆ ಬೇಡ" ಎಂದ. ಅವರ ನಂಬರು ಕೇಳಿದೆ, ಕೊಡಲಿಲ್ಲ. ಮತ್ತೆ ಮಾಡಿದಾಗ ಎತ್ತಲಿಲ್ಲ. ಮಳವಳ್ಳಿ ಆಸ್ಪತ್ರೆಗೂ ಹೋಗಿ ಬಂದೆ. "ದಿನಾ ಎಷ್ಟೋ ಜನ ಬರ್ತಾರೆ, ಚೀಟಿ ಅವರ ಕೈಲೇ ಕೊಟ್ಟಿರ್ತೀವಿ" ಎಂದರು.

ವಿಚಾರಣೆಯ ದಿನ ಜವರಾಯಿಯ ಪರವಾಗಿ ಒಬ್ಬನೇ ಒಬ್ಬ ಸಾಕ್ಷಿ ಬಂದ. ಬೋರೇಶ. ಅದೇ ಬಿಳಿ ಶರ್ಟು. ಕರೆಯದೇ ಇದ್ದರೂ ಒಳಗೆ ಬಂದು ಹೇಳಿದ: "ಸಾರ್, ನಾನು ಮೋಸ ಮಾಡೋನು, ಈ ಅಕ್ಕನ್ನೇ ಕೇಳಿ. ಮೋಸ ಎಂಗಿರ್ತದೆ ಅಂತವ ನಂಗೊತ್ತು. ಇದು ಮೋಸ ಅಲ್ಲ ಸಾರ್. ಈ ನನ್ಮಗನಿಗೆ ಮೋಸ ಮಾಡಕ್ಕೇ ಬರಾಕಿಲ್ಲ." ಸಾಹೇಬರು ಅವನನ್ನು ಹೊರಗೆ ಕಳಿಸಿದರು. ಜವರಾಯಿ ಏನೂ ವಾದ ಮಾಡಲಿಲ್ಲ. "ಇಸ್ಕಂಡಿದ್ದು ನಿಜ ಸಾರ್" ಎಂದ. ಇಸ್ಕಂಡಿದ್ದು ನಿಜ ಎಂದು ಬರೆದುಕೊಂಡರು. ಅವನ ಡ್ರೈವರ್ ಬ್ಯಾಡ್ಜು ಅಮಾನತಾಯಿತು. ನನ್ನ ಸರ್ವಿಸ್ಸಿನಲ್ಲಿ ಶಿಕ್ಷೆಯವರೆಗೆ ಹೋಗಿ ನಿಂತ ದೂರು ಅದೊಂದೇ.

ಅಮಾನತಿನ ಅವಧಿ ಮುಗಿದು ಬ್ಯಾಡ್ಜು ವಾಪಸ್ ಬಂತು, ಕೆಲಸ ಬರಲಿಲ್ಲ. ಮದ್ದೂರಿನ ಮಾಲೀಕರು ಬೇರೆಯವನನ್ನು ಹಾಕಿಕೊಂಡಿದ್ದರು. ಬೇರೆಲ್ಲಿ ಹೋದರೂ "ಓ, ವಿಡಿಯೋದಲ್ಲಿ ಬಂದಿದ್ದೆಯಲ್ಲ ನೀನು" ಎನ್ನುತ್ತಿದ್ದರು. ಮಗಳ ಗಂಡನ ಮನೆಯವರು ಕೂಡ ಒಂದು ಮಾತು ಆಡಿದರಂತೆ. ಅದೇನೆಂದು ಅವನು ನನಗೆ ಹೇಳಲಿಲ್ಲ, ಗೌರಮ್ಮ ಅತ್ತಳು ಅಷ್ಟೇ. ಅವಳ ಜೊತೆಗೇ ಅವನೂ ಫಾರಂ ಗದ್ದೆಯ ಕೂಲಿಗೆ ಇಳಿದ. ಸ್ಟೀರಿಂಗ್ ಹಿಡಿದ ಕೈಗೆ ನಾಟಿ ಹಾಕಲು ಬಾರದು ಎಂದು ಹೆಂಗಸರು ನಗುತ್ತಿದ್ದರಂತೆ.

ಸ್ಟ್ಯಾಂಡು ಕೂಡ ಮೊದಲಿನ ಹಾಗೆ ಉಳಿಯಲಿಲ್ಲ. ಒಂದು ಮಧ್ಯಾಹ್ನ ಸ್ಟೇಷನ್ ಮೆಟ್ಟಿಲಲ್ಲಿ ಒಬ್ಬ ವಯಸ್ಸಾದ ಹೆಂಗಸು ಮುಗ್ಗರಿಸಿ ಬಿದ್ದರು. ಹತ್ತು ಹೆಜ್ಜೆಯಲ್ಲಿ ಡ್ರೈವರುಗಳ ದೊಡ್ಡ ಗುಂಪೇ ನಿಂತಿತ್ತು. ಒಬ್ಬನೂ ಮುಟ್ಟಲಿಲ್ಲ. ನಾನು ಗೂಡಿನಿಂದ ಓಡಿಬಂದು ಎತ್ತಿ ಕೂರಿಸಿ ಅವರ ಮೇಲೆ ಕೂಗಾಡಿದೆ. ನಿಂಗೇಗೌಡ ನೆಲ ನೋಡುತ್ತ ಹೇಳಿದ: "ಎತ್ಬುಟ್ಟು ಏನ್ ಮಾಡನ ಅಕ್ಕ? ಎತ್ತಿದ್ ಕಾಣಾಕಿಲ್ಲ, ಈಸ್ಕಂಡಿದ್ದು ಮಾತ್ರ ಕಾಣ್ತದೆ."

ಬೋರೇಶ ಮಾತ್ರ ದಿನದಿನಕ್ಕೆ ಬೆಳೆದ. ಈಗ ಅವನು ನೋಟನ್ನು ಕೈಯಲ್ಲಿ ಮುಟ್ಟುವುದಿಲ್ಲ. ಗೈಡ್ ಚಾರ್ಜು, ವೇಟಿಂಗು, ಎಂಟ್ರಿ ಎಂದು ಬೇರೆ ಬೇರೆ ಹೆಸರಿನಲ್ಲಿ ಫೋನಿಗೇ ಹಾಕಿಸಿಕೊಳ್ಳುತ್ತಾನೆ. ಪ್ರತಿಯೊಂದಕ್ಕೂ ಚೀಟಿ ಇದೆ, ಯಾವ ವಿಡಿಯೋದಲ್ಲೂ ಅವನಿಲ್ಲ. ಹೊಸ ಹೈವೇ ಬಂದಮೇಲೆ ಬೆಂಗಳೂರಿನ ಗಾಡಿಗಳು ಮದ್ದೂರು, ಮಂಡ್ಯದ ಒಳಗೆ ತಲೆ ಹಾಕದೆ ನೇರ ಮೈಸೂರಿಗೆ ಹೋಗುತ್ತವೆ. ಸಿಗುವ ಗಿರಾಕಿಯೇ ಕಡಿಮೆ, ಸಿಕ್ಕಿದವನನ್ನು ಬಿಡುವ ಹಾಗಿಲ್ಲ ಎಂಬುದು ಅವನ ನ್ಯಾಯ. ಅವನನ್ನು ಬೈಯುವ ಶಕ್ತಿಯೂ ನನಗೆ ಉಳಿದಿರಲಿಲ್ಲ.

ನಿವೃತ್ತಿಗೆ ಕೆಲವೇ ದಿನ ಇರುವಾಗ ನನ್ನ ಕಿಟಕಿಯ ಮುಂದೆ ಬಿಳಿ ತಲೆಯ ಒಬ್ಬ ತಾಯಿ ಬಂದು ನಿಂತರು. ಬಾಡಿಗೆ ಕಾರು ಮಾಡಿಕೊಂಡು ಮೈಸೂರಿನಿಂದ ಒಬ್ಬರೇ ಬಂದಿದ್ದರು. ಕೈಯಲ್ಲಿ ಬಟ್ಟೆಯ ಚೀಲ. "ಇಲ್ಲೆ ಜವರಾಯಿ ಅಂತ ಒಬ್ಬಾಂವ ಟ್ಯಾಕ್ಸಿ ಹೊಡೀತಿದ್ದ, ಎಲ್ಲಿ ಅದಾನವಾ?" ಎಂದು ಕೇಳಿದರು. ವಿಡಿಯೋದಲ್ಲಿ ಅಷ್ಟು ಸಲ ನೋಡಿದ್ದ ಮುಖ, ನೋಡಿದ ತಕ್ಷಣ ಗುರುತು ಸಿಕ್ಕಿತು. ಒಳಗೆ ಕರೆದು ನನ್ನ ಕುರ್ಚಿಯಲ್ಲೇ ಕೂರಿಸಿದೆ.

ಆಕೆಯ ಯಜಮಾನರು ತೀರಿಕೊಂಡಿದ್ದರು. ಮಂಡ್ಯದಿಂದ ಹೋದಮೇಲೆ ಒಂದು ವರ್ಷದಷ್ಟು ಕಾಲ ಚೆನ್ನಾಗಿದ್ದು, ಊರಿನಲ್ಲೇ, ನಿದ್ದೆಯಲ್ಲೇ ಹೋದರಂತೆ. "ಆ ಹುಡುಗ ಅವತ್ತ ಹೊತ್ತುಕೊಂಡು ಓಡಲಿಲ್ಲಂದ್ರ ನನಗ ಆ ವರ್ಷ ಸಿಗ್ತಿದ್ದಿಲ್ಲ. ಅವನ ಮಾರಿ ಒಮ್ಮೆ ನೋಡಿ ಹೋಗಬೇಕಂತ ಬಂದೆ" ಎಂದರು. ಅವರಿಗೆ ದೂರಿನ ವಿಷಯವೇ ಗೊತ್ತಿರಲಿಲ್ಲ. ನಾನು ಎಲ್ಲ ಹೇಳಿದೆ. ವಿಡಿಯೋ ತೋರಿಸಿದೆ. ನೋಡುತ್ತ ನೋಡುತ್ತ ಆಕೆ ಸೆರಗು ಬಾಯಿಗೆ ಒತ್ತಿಕೊಂಡರು.

"ನಾನಽ ಬಾಡಿಗಿ ಅಂದೆ ಅವ್ವಾ. ಇವರಿಗೆ ಎದಿಬ್ಯಾನಿ ಬಂದಿತ್ತಂತ ಹೇಳಿದ್ರ ನಮ್ಮ ಅಳಿಯ ಮತ್ತೆಲ್ಲೂ ಹೊರಗ ಬಿಡ್ತಿದ್ದಿಲ್ಲ. ಇವರಿಗೆ ತಿರುಗೋದಂದ್ರ ಜೀವ. ಅದಕ್ಕ ಹೇಳಲಿಲ್ಲ. ಅಷ್ಟಽ ಮಾತು."

ಇಬ್ಬರೂ ಕಚೇರಿಗೆ ಹೋದೆವು. ಆ ಯುವಕ ಸಾಹೇಬರಿಗೆ ವರ್ಗವಾಗಿ ಬೇರೊಬ್ಬರು ಬಂದಿದ್ದರು. ಪೂರ್ತಿ ಕೇಳಿಸಿಕೊಂಡರು, ಆಕೆಗೆ ನೀರು ಕೊಡಿಸಿದರು. ಆಮೇಲೆ, "ಅಮ್ಮಾ, ದೂರು ಕೊಟ್ಟವರು ನೀವಲ್ಲ, ನಿಮ್ಮ ಅಳಿಯ. ಶಿಕ್ಷೆಯೂ ಮುಗಿದುಹೋಗಿದೆ. ಮುಗಿದದ್ದನ್ನು ಮತ್ತೆ ತೆರೆಯಲು ನಮ್ಮಲ್ಲಿ ದಾರಿಯಿಲ್ಲ" ಎಂದರು. ಆಕೆ ಅಲ್ಲೇ ಅಳಿಯನಿಗೆ ಫೋನ್ ಹಚ್ಚಿ ಬೈದರು. ಅವನು ಪಾಪ, ಅಳುವವನ ಹಾಗೆ ಆಗಿ, ತಾನು ಹಾಕಿದ್ದನ್ನು ಆಗಲೇ ಅಳಿಸಿದ. ಅವನು ಅಳಿಸಿದ್ದು ಅವನ ಫೋನಿನಲ್ಲಿ. ಊರವರ ಫೋನುಗಳಲ್ಲಿ ಅದು ಹಾಗೇ ಇತ್ತು, ಈಗಲೂ ಇರಬಹುದು.

"ನಡಿಯವಾ, ಅವನ ಕಡಿಗೇ ಹೋಗೋಣು" ಎಂದರು ಆಕೆ.

ಫಾರಮ್ಮಿನ ಒಂದು ಗದ್ದೆಯಲ್ಲಿ ಕಳೆ ಕೀಳುತ್ತಿದ್ದರು. ಹೆಂಗಸರ ಸಾಲಿನ ಕೊನೆಯಲ್ಲಿ ಜವರಾಯಿ ಬಗ್ಗಿದ್ದ. ನಾನು ಕೂಗಿದೆ. ಎದ್ದು ನಿಂತು, ಹಣೆಗೆ ಕೈ ಅಡ್ಡ ಹಿಡಿದು ನೋಡಿ, ಕೆಸರಿನಲ್ಲಿ ಕಾಲೆಳೆದುಕೊಂಡು ಬದುವಿನ ಹತ್ತಿರ ಬಂದ. ಆಕೆಯ ಗುರುತು ಹಿಡಿದ. ಮುಖದಲ್ಲಿ ಸಿಟ್ಟು ಬರಬಹುದು ಎಂದು ನಾನು ಕಾದೆ, ಸಿಟ್ಟು ಬಂದಿದ್ದರೆ ನನಗೂ ಹಗುರವಾಗುತ್ತಿತ್ತು.

"ಯಜಮಾನ್ರು ಚೆನ್ನಾಗವ್ರಾ ತಾಯಿ?" ಎಂದ.

ಆಕೆ ಇಲ್ಲ ಎಂಬಂತೆ ತಲೆಯಾಡಿಸಿದರು. ಅವನಿಗೆ ತಿಳಿಯಿತು. ಆಮೇಲೆ ಆಕೆ, "ತಪ್ಪು ನಂದಪಾ, ನನ್ನ ಒಂದು ಮಾತಿನ ತಪ್ಪು" ಎಂದು ಶುರು ಮಾಡಿ ಎಲ್ಲ ಹೇಳಿದರು. ಅವನು ತಲೆ ಬಗ್ಗಿಸಿಕೊಂಡು ಕೇಳಿದ. "ಬುಡಿ ತಾಯಿ, ಓಗ್ಲಿ. ನೀವೇನ್ ಬೇಕೂಂತ ಮಾಡಿದ್ರಾ?" ಎಂದ. ನಾನು ಮಧ್ಯೆ ಬಾಯಿ ಹಾಕಿ, ಇವರ ಕೈಲಿ ಒಂದು ಹೇಳಿಕೆ ಬರೆಸೋಣ, ನಾವೇ ವಿಡಿಯೋ ಮಾಡೋಣ, ನಿಜ ಏನಂತ ಎಲ್ಲರಿಗೂ ಗೊತ್ತಾಗಲಿ, ಮತ್ತೆ ಗಾಡಿ ಹತ್ತಬಹುದು ಎಂದೆ. ಅವನು ನನ್ನ ಮುಖ ನೋಡಿದ.

"ಬ್ಯಾಡ ಕಣಕ್ಕ. ನಿಮ್ ಕಾಲಿಗ್ ಬೀಳ್ತೀನಿ, ಇನ್ನೊಂದು ಈಡಿಯೋ ಮಾಡ್ಬ್ಯಾಡಿ."

ಆಕೆ ಚೀಲದಿಂದ ಒಂದು ಡಬ್ಬಿ ತೆಗೆದರು. ಮನೆಯಲ್ಲೇ ಮಾಡಿದ ಕರದಂಟು. "ದುಡ್ಡಲ್ಲಪಾ, ತಿನ್ನೋದು. ಅವರಿಗೆ ಭಾಳ ಸೇರತಿತ್ತು. ನಿನಗಂತನಽ ಮಾಡ್ಕೊಂಡು ಬಂದೀನಿ" ಎಂದು ಎರಡೂ ಕೈಯಲ್ಲಿ ಮುಂದೆ ಹಿಡಿದರು.

ಜವರಾಯಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಕೆಸರಾಗಿದೆ ಅಂತ ಹಾಗೆ ಮಾಡಿದನೇನೋ ಎಂದು ಮೊದಲು ನನಗನ್ನಿಸಿತು. ಆಮೇಲೆ ನೋಡಿದರೆ ಅವನ ಕಣ್ಣು ಗದ್ದೆಯ ಆಚೆಗೆ, ರಸ್ತೆಯ ಕಡೆಗೆ, ನಮ್ಮ ಕಾರಿನ ಡ್ರೈವರ ಕೈಯಲ್ಲಿದ್ದ ಫೋನಿನ ಕಡೆಗೆ ಹೋಗಿತ್ತು.

"ಅಲ್ಲೇ ಬದಿನ್ ಮ್ಯಾಲೆ ಮಡಗ್ಬುಡಿ ತಾಯಿ" ಎಂದ. "ಆಮ್ಯಾಕೆ ನಮ್ಮೆಂಗಸು ಬಂದು ತಕ್ಕತಾಳೆ."

ಆಕೆ ಬಗ್ಗಿ, ಹುಲ್ಲು ಒಣಗಿದ್ದ ಜಾಗ ನೋಡಿ ಡಬ್ಬಿ ಇಟ್ಟರು. ನಾವು ಹಿಂತಿರುಗಿ ಬಂದು, ಕಾರು ಹತ್ತಿ, ಬಾಗಿಲು ಹಾಕಿಕೊಳ್ಳುವವರೆಗೂ ಅವನು ಕೈ ಮುಂದಕ್ಕೆ ತರಲಿಲ್ಲ.